ಹಳೆಯ ಮೋಟಾರು ಗಾಡಿಗಳ ಅಸಲುತನವೂ ಬೆಲೆಯೂ

ಗದಗ ಸೀಮೆಯ ಸೊರಟೂರ, ಮುಳಗುಂದ, ಲಕ್ಷ್ಮೇಶ್ವರ ಮೊದಲಾದ ಊರುಗಳ ಒಕ್ಕಲುತನದ ಮನೆಗಳಲ್ಲಿ “ಇದು ನಮ್ಮ ಅಜ್ಜನ ಚಕ್ಕಡಿ” ಎಂದು ಹೆಮ್ಮೆಯಿಂದ ತೋರಿಸುವವರು ಇಂದಿಗೂ ಇದ್ದಾರೆ. ಅಂತಹ ಒಂದು ಚಕ್ಕಡಿಯನ್ನು ಊಹಿಸಿಕೊಳ್ಳೋಣ. ಅದರ ಗಾಲಿಗಳು ಸವೆದಾಗ ಬಡಿಗನು ಹೊಸ ಗಾಲಿಗಳನ್ನು ಮಾಡಿಕೊಟ್ಟನು. ಅಚ್ಚು ಮುರಿದಾಗ ಕಮ್ಮಾರನು ಬೇರೊಂದನ್ನು ಕೂಡಿಸಿದನು. ನೊಗವು ಎರಡು ಬಾರಿ ಬದಲಾಯಿತು. ತಳದ ಹಲಗೆಗಳು ಗೆದ್ದಲಿಗೆ ತುತ್ತಾಗಿ, ಅವುಗಳ ಜಾಗದಲ್ಲಿ ಹೊಸ ಹಲಗೆಗಳು ಬಂದವು. ಅಜ್ಜನ ಕೈ ಸೋಕಿದ ಮರದ ತುಂಡು ಒಂದೂ ಇಂದು ಅದರಲ್ಲಿ ಉಳಿದಿಲ್ಲ. ಹಾಗಾದರೆ ಅದು ಅಜ್ಜನ ಚಕ್ಕಡಿ ಹೌದೋ, ಅಲ್ಲವೋ? ಮನೆಯವರು ಹೌದೆನ್ನುವರು; ಏಕೆಂದರೆ ಆ ಚಕ್ಕಡಿಯು ಒಂದು ದಿನವೂ ಆ ಮನೆಯ ಅಂಗಳವನ್ನು ಬಿಟ್ಟು ಬೇರೆಯವರದಾಗಿಲ್ಲ. ತರ್ಕ ಮಾಡುವವರು ಅಲ್ಲವೆನ್ನುವರು. ಏಕೆಂದರೆ ಅಜ್ಜನ ಕಾಲದ ವಸ್ತುವೇನೂ ಅಲ್ಲಿಲ್ಲ. ಇದೇ ಬಗೆಯ ಪ್ರಶ್ನೆಯನ್ನು ಪ್ರಾಚೀನ ಗ್ರೀಸಿನ ತತ್ತ್ವಜ್ಞರು ಥೀಸಿಯಸ್ ಎಂಬ ವೀರನ ಹಡಗನ್ನು ಕುರಿತು ಚರ್ಚಿಸುತ್ತಿದ್ದರೆಂದು ಪ್ಲುಟಾರ್ಕನು ಬರೆದಿದ್ದಾನೆ.

ಚಕ್ಕಡಿಯ ಮಟ್ಟಿಗೆ ಇದು ಕಟ್ಟೆಯ ಮೇಲಿನ ಮಾತುಕತೆಗೆ ಒಳ್ಳೆಯ ವಿಷಯ. ಯಾವ ಪಕ್ಷ ಗೆದ್ದರೂ ಯಾರಿಗೂ ನಷ್ಟವಿಲ್ಲ. ಆದರೆ ಹಳೆಯ ಪಂದ್ಯದ ಕಾರುಗಳ ಮತ್ತು ಹಳೆಯ ಮೋಟಾರು ಸೈಕಲ್ಲುಗಳ ಕ್ರಯವಿಕ್ರಯದಲ್ಲಿ ಇದೇ ಪ್ರಶ್ನೆಯ ಮೇಲೆ ದೊಡ್ಡ ಹಣ ನಿಂತಿದೆ. ಒಂದು ಗಾಡಿಯನ್ನು ‘ಅಸಲು’ ಎಂದು ಕರೆಯಲು ಅದರಲ್ಲಿ ಏನಿರಬೇಕು? ಅದನ್ನು ಪರೀಕ್ಷಿಸುವ ಬಗೆ ಹೇಗೆ? ಅಸಲು ಗಾಡಿಗೂ ಅದರಂತೆಯೇ ಕಾಣುವ ಇನ್ನೊಂದಕ್ಕೂ ಬೆಲೆಯಲ್ಲಿ ಇಷ್ಟೊಂದು ಅಂತರವೇಕೆ? ಈ ಮೂರು ಪ್ರಶ್ನೆಗಳಿಗೆ ಭೌತವಿಜ್ಞಾನವು ಎಷ್ಟರ ಮಟ್ಟಿಗೆ ಉತ್ತರ ಕೊಡಬಲ್ಲದೆಂಬುದನ್ನು ಇಲ್ಲಿ ನೋಡೋಣ.

ನ್ಯಾಯಾಲಯವನ್ನೇರಿದ ಪ್ರಶ್ನೆ

ಇಂಗ್ಲೆಂಡಿನ ಬೆಂಟ್ಲಿ ಕಂಪನಿಯ ‘ಸ್ಪೀಡ್ ಸಿಕ್ಸ್’ ಮಾದರಿಯ ಒಂದು ಕಾರು ‘ಓಲ್ಡ್ ನಂಬರ್ ಒನ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ಫ್ರಾನ್ಸಿನ ಲ ಮಾನ್ ಎಂಬಲ್ಲಿ ನಡೆಯುವ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಅದು 1929ರಲ್ಲಿಯೂ 1930ರಲ್ಲಿಯೂ ಗೆದ್ದಿತು. ಪಂದ್ಯದ ಕಾರು ಎಂದರೆ ನಿಂತಲ್ಲಿ ನಿಲ್ಲುವ ವಸ್ತುವಲ್ಲ. ಒಂದೊಂದು ಪಂದ್ಯದ ಅನಂತರವೂ ಅದರ ಭಾಗಗಳನ್ನು ಬಿಚ್ಚಿ, ಸವೆದುದನ್ನು ತೆಗೆದು, ಹೆಚ್ಚು ಶಕ್ತಿಯುಳ್ಳುದನ್ನು ಕೂಡಿಸುವರು. 1932ರಲ್ಲಿ ಆ ಕಾರು ಎಂಟು ಲೀಟರಿನ ಇಂಜಿನನ್ನು ಹೊತ್ತು ಬ್ರೂಕ್‌ಲ್ಯಾಂಡ್ಸ್ ಪಂದ್ಯಕ್ಕಿಳಿದಾಗ ಅಪಘಾತಕ್ಕೀಡಾಗಿ, ನಡೆಸುತ್ತಿದ್ದ ಕ್ಲೈವ್ ಡನ್‌ಫೀ ಎಂಬವನು ಮೃತನಾದನು. ಆಮೇಲೆ ಅದನ್ನು ಮತ್ತೆ ಕಟ್ಟಿ, ರಸ್ತೆಯಲ್ಲಿ ಓಡಿಸುವ ಕಾರನ್ನಾಗಿ ಮಾಡಿದರು.

1990ರಲ್ಲಿ ಈ ಕಾರನ್ನು ಒಂದು ಕೋಟಿ ಪೌಂಡುಗಳಿಗೆ ಕೊಳ್ಳಲು ಒಪ್ಪಂದವಾಯಿತು. ಅನಂತರ ಕೊಳ್ಳುವವರು ಹಿಂದೆಗೆದರು. ಲ ಮಾನ್ ಪಂದ್ಯವನ್ನು ಗೆದ್ದ ಕಾರಿನ ಲೋಹವು ಇದರಲ್ಲಿ ಬಹುಮಟ್ಟಿಗೆ ಉಳಿದೇ ಇಲ್ಲ, ಆದ್ದರಿಂದ ಇದು ಆ ಕಾರಲ್ಲ ಎಂಬುದು ಅವರ ವಾದ. ಮೊಕದ್ದಮೆಯು ಲಂಡನ್ನಿನ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 1929ರ ಕಾರಿನ ಭಾಗಗಳಲ್ಲಿ ಏನೇನು ಉಳಿದಿವೆಯೆಂದು ತಜ್ಞರು ಒಂದೊಂದಾಗಿ ಎಣಿಸಿದರು. ಎಣಿಕೆ ಬಹಳ ಸಣ್ಣದಾಯಿತು. ಆದರೂ ನ್ಯಾಯಾಧೀಶ ಆಟನ್ ಅವರು ಮಾರುವವನ ಪರವಾಗಿಯೇ ತೀರ್ಪಿತ್ತರು. ಈ ಕಾರು ಯಾವ ಹೊತ್ತಿನಲ್ಲಿಯೂ ಇಲ್ಲವಾಗಿ ಹೋಗಲಿಲ್ಲ. ಭಾಗಗಳು ಒಂದೊಂದಾಗಿ ಬದಲಾದರೂ ಅದರ ಬಾಳು ಎಡೆಬಿಡದೆ ಸಾಗಿಬಂದಿತು. ‘ನಾನೇ ಓಲ್ಡ್ ನಂಬರ್ ಒನ್’ ಎಂದು ಹಕ್ಕು ಸಾಧಿಸಬಲ್ಲ ಬೇರೊಂದು ಕಾರೂ ಇಲ್ಲ. ಆದುದರಿಂದ ಇದನ್ನು ಗೆದ್ದ ದಿನದ ಮೂಲರೂಪದ ಕಾರು ಎನ್ನಲಾಗದಿದ್ದರೂ ಅದೇ ಕಾರು ಎನ್ನಲು ಅಡ್ಡಿಯಿಲ್ಲ ಎಂಬುದು ತೀರ್ಪಿನ ಸಾರ.

ಈ ತೀರ್ಪು ನಮಗೆ ಒಂದು ಉಪಕಾರ ಮಾಡಿದೆ. ನಾವು ‘ಅಸಲು’ ಎಂಬ ಒಂದೇ ಮಾತಿನಲ್ಲಿ ಕಟ್ಟಿಟ್ಟಿದ್ದ ಎರಡು ಗುಣಗಳನ್ನು ಅದು ಬಿಡಿಸಿ ತೋರಿಸಿತು. ಮೊದಲನೆಯದು ದ್ರವ್ಯದ ಅಸಲುತನ: ಕಾರ್ಖಾನೆಯಿಂದ ಹೊರಬಿದ್ದ ದಿನದ ಲೋಹ, ಬಣ್ಣ, ತೊಗಲು, ರಬ್ಬರುಗಳು ಎಷ್ಟು ಉಳಿದಿವೆ ಎಂಬುದು. ಎರಡನೆಯದು ಗುರುತಿನ ಅಸಲುತನ: ಅಂದಿನಿಂದ ಇಂದಿನವರೆಗೆ ಗಾಡಿಯ ಚರಿತ್ರೆಯು ಕೊಂಡಿ ತಪ್ಪದೆ ಬಂದಿದೆಯೇ ಎಂಬುದು. ಒಂದಿದ್ದಲ್ಲಿ ಇನ್ನೊಂದು ಇರಲೇಬೇಕೆಂಬ ನಿಯಮವಿಲ್ಲ. ಬೆಂಟ್ಲಿಯಲ್ಲಿ ಎರಡನೆಯದು ಪೂರ್ಣವಾಗಿತ್ತು, ಮೊದಲನೆಯದು ಅತ್ಯಲ್ಪವಾಗಿತ್ತು. ಹತ್ತು ಹಳೆಯ ಗಾಡಿಗಳ ಭಾಗಗಳನ್ನು ಕೂಡಿಸಿ ಹೊಸದಾಗಿ ಕಟ್ಟಿದ ಒಂದು ಕಾರಿನಲ್ಲಿ ಮೊದಲನೆಯದು ಹೇರಳವಾಗಿರಬಹುದು, ಎರಡನೆಯದು ಸೊನ್ನೆ.

ಸುಟ್ಟ ಲೋಹದ ರಾಶಿಗೆ ಬೆಲೆ

ಈ ಎರಡರಲ್ಲಿ ಸಂತೆಯವರು ಯಾವುದಕ್ಕೆ ಹಣ ತೆರುವರು? 2023ರ ಆಗಸ್ಟಿನಲ್ಲಿ ಅಮೆರಿಕದ ಮಾಂಟೆರೆ ಎಂಬಲ್ಲಿ ನಡೆದ ಹರಾಜು ಇದಕ್ಕೆ ಕಣ್ಣಿಗೆ ಹೊಡೆಯುವಂತಹ ಉತ್ತರವನ್ನು ಕೊಟ್ಟಿತು. ಅಲ್ಲಿ ಮಾರಾಟವಾದುದು 1954ರ ಫೆರಾರಿ 500 ಮೊಂಡಿಯಾಲ್ ಎಂಬ ಪಂದ್ಯದ ಕಾರು. ಕಾರು ಎನ್ನುವುದಕ್ಕಿಂತ ಕಾರಿನ ಹೆಣ ಎನ್ನುವುದೇ ಸರಿ. ಹಿಂದೆಂದೋ ಅಪಘಾತದಲ್ಲಿ ಬೆಂದು, ನಜ್ಜುಗುಜ್ಜಾಗಿ, ದಶಕಗಳ ಕಾಲ ಹಾಗೆಯೇ ಬಿದ್ದಿದ್ದ ಲೋಹದ ರಾಶಿ ಅದು. ಅದಕ್ಕೆ ಬಂದ ಬೆಲೆ 18,75,000 ಡಾಲರು! ಅದೇ ಅಳತೆಯಲ್ಲಿ, ಅದೇ ಮಿಶ್ರಲೋಹದಲ್ಲಿ, ಕಣ್ಣು ಗುರುತಿಸಲಾರದಷ್ಟು ಚೆನ್ನಾಗಿ ಹೊಸದಾಗಿ ಕಟ್ಟಿದ ಪ್ರತಿಕೃತಿಯೊಂದು ಓಡುವ ಸ್ಥಿತಿಯಲ್ಲಿದ್ದರೂ ಅಂತಹ ಬೆಲೆಯನ್ನು ಕಾಣಲಾರದು. ಓಡದ ರಾಶಿಗೆ ಹಣ, ಓಡುವ ಕಾರಿಗೆ ತಾತ್ಸಾರ! ಕೊಂಡವರು ಕೊಂಡುದು ಲೋಹವನ್ನಲ್ಲ. ಚಾಸಿಯ ಅಂಕೆಯನ್ನೂ ಅದರ ಬೆನ್ನಿಗಿರುವ ಚರಿತ್ರೆಯನ್ನೂ.

ಬೆಲೆಗೆ ಮೊದಲನೆಯ ಆಧಾರ ವಿರಳತೆ. ಫೆರಾರಿ 250 ಜಿಟಿಓ ಎಂಬ ಕಾರನ್ನು 1962ರಿಂದ 1964ರವರೆಗೆ 36 ಮಾತ್ರ ಕಟ್ಟಿದರು. ಅವುಗಳಲ್ಲಿ ಒಂದು 2018ರ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರುಗಳಿಗೆ ಹೋಯಿತು. 1955ರಲ್ಲಿ ಎರಡೇ ಎರಡು ಕಟ್ಟಿದ ಮರ್ಸಿಡಿಸ್ 300 ಎಸ್‌ಎಲ್‌ಆರ್ ಮುಚ್ಚಿದ ಮಾದರಿಯ ಒಂದು ಕಾರು 2022ರಲ್ಲಿ 13 ಕೋಟಿ 50 ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಜೋಳದ ಬೆಲೆ ಏರಿದರೆ ಮುಂದಿನ ಹಂಗಾಮಿನಲ್ಲಿ ರೈತರು ಹೆಚ್ಚು ಜೋಳ ಬಿತ್ತುವರು, ಬೆಲೆ ಇಳಿಯುವುದು. ಆದರೆ 1962ರ ಕಾರನ್ನು ಇಂದು ಬಿತ್ತಿ ಬೆಳೆಯಲಾಗದು. ಬೆಲೆ ಎಷ್ಟೇ ಏರಿದರೂ ಸಂಖ್ಯೆ ಏರುವಂತಿಲ್ಲ. ಅದು ಏರುವುದಾದರೆ ಒಂದೇ ದಾರಿಯಿಂದ: ನಕಲಿನಿಂದ. ಆದ್ದರಿಂದಲೇ ಬೆಲೆ ಏರಿದಷ್ಟೂ ಸಂದೇಹವೂ ಏರುವುದು.

ಇಲ್ಲಿಯೇ ಬೆಲೆಯ ಎರಡನೆಯ ಆಧಾರ ಬರುತ್ತದೆ. ಅದು ಖಚಿತತೆ. ಸಣ್ಣದೊಂದು ಲೆಕ್ಕದಿಂದ ಇದನ್ನು ತಿಳಿಯೋಣ. ಅಂಕೆಗಳು ಕೇವಲ ವಿವರಣೆಗಾಗಿ. ಒಂದು ಹಳೆಯ ಗಾಡಿ ನಿಸ್ಸಂದೇಹವಾಗಿ ಅಸಲಾದರೆ ಅದರ ಬೆಲೆ 20 ಲಕ್ಷ ರೂಪಾಯಿ, ನಕಲಾದರೆ 5 ಲಕ್ಷ ಎಂದಿಟ್ಟುಕೊಳ್ಳಿ. ಅಸಲೋ ನಕಲೋ ಎಂಬುದು ಸಮಸಮ ಸಂದೇಹವಾಗಿದ್ದರೆ, ವಿವೇಕಿಯು ಎರಡರ ಸರಾಸರಿಯನ್ನು, ಅಂದರೆ ಹನ್ನೆರಡೂವರೆ ಲಕ್ಷವನ್ನು ಮೀರಿ ಕೊಡಲಾರನು. ಕಾರ್ಖಾನೆಯ ಹಳೆಯ ದಾಖಲೆಯೊಂದು ದೊರೆತು, ಅಸಲಾಗಿರುವ ಸಂಭವವು ಹತ್ತರಲ್ಲಿ ಒಂಬತ್ತಕ್ಕೆ ಏರಿತೆನ್ನಿ. ಆಗ 20 ಲಕ್ಷದ ಹತ್ತರಲ್ಲಿ ಒಂಬತ್ತು ಪಾಲು 18 ಲಕ್ಷ, 5 ಲಕ್ಷದ ಹತ್ತರಲ್ಲೊಂದು ಪಾಲು ಅರ್ಧ ಲಕ್ಷ. ಒಟ್ಟು ಹದಿನೆಂಟೂವರೆ ಲಕ್ಷ. ಗಾಡಿಯ ಒಂದು ಮೊಳೆಯೂ ಬದಲಾಗಿಲ್ಲ. ಒಂದು ಹಾಳೆ ಕಾಗದವು ಅದರ ಬೆಲೆಯನ್ನು ಆರು ಲಕ್ಷದಷ್ಟು ಹೆಚ್ಚಿಸಿತು. ಬೆಲೆಯು ಗಾಡಿಯನ್ನು ಮಾತ್ರ ಅಳೆಯುವುದಿಲ್ಲ, ನಮ್ಮ ತಿಳಿವಳಿಕೆಯನ್ನೂ ಅಳೆಯುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಲೋಹವು ನುಡಿಯುವ ಸಾಕ್ಷಿ

ಖಚಿತತೆಯನ್ನು ಹೆಚ್ಚಿಸುವ ಉಪಾಯಗಳು ಯಾವುವು? ಮೊದಲು ಸುಲಭವಾದುದನ್ನು ನೋಡೋಣ. ಅಯಸ್ಕಾಂತವು ಉಕ್ಕಿನ ತಗಡನ್ನು ಎಳೆಯುವ ಬಲವು ಅವೆರಡರ ನಡುವಿನ ಅಂತರ ಹೆಚ್ಚಿದಂತೆ ಬೇಗನೆ ಕುಗ್ಗುತ್ತದೆ. ಕಾರ್ಖಾನೆಯಲ್ಲಿ ಬಳಿದ ಬಣ್ಣದ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಎಂದರೆ ಒಂದೆರಡು ತಲೆಗೂದಲಿನ ದಪ್ಪ. ಅಪಘಾತದಲ್ಲಿ ತಗ್ಗಾದ ತಗಡಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಆ ದಪ್ಪವು ಹತ್ತು ಇಪ್ಪತ್ತು ಪಟ್ಟಾಗುವುದುಂಟು. ತೆಳುಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ಗಾಡಿಯ ಮೈಮೇಲೆ ಆಡಿಸಿದರೆ, ಒಳ್ಳೆಯ ತಗಡಿದ್ದಲ್ಲಿ ಅದು ಅಂಟಿಕೊಳ್ಳುವುದು, ಪುಟ್ಟಿಯಿದ್ದಲ್ಲಿ ಜಾರಿ ಬೀಳುವುದು. ಇದೇ ತತ್ತ್ವದ ಮೇಲೆ ಮಾಡಿದ ಸಲಕರಣೆಯು ಬಣ್ಣದ ದಪ್ಪವನ್ನು ಮೈಕ್ರಾನುಗಳಲ್ಲಿ ತೋರಿಸುತ್ತದೆ. ಅಲ್ಯೂಮಿನಿಯಮಿನ ಮೈಯುಳ್ಳ ಪಂದ್ಯದ ಕಾರುಗಳಲ್ಲಿ ಅಯಸ್ಕಾಂತವು ನಡೆಯದು. ಅಲ್ಲಿ ಲೋಹದಲ್ಲಿ ಸುಳಿವಿದ್ಯುತ್ ಪ್ರವಾಹವನ್ನು ಹುಟ್ಟಿಸಿ, ಅದರ ಪ್ರತಿಕ್ರಿಯೆಯಿಂದ ದಪ್ಪವನ್ನು ಕಂಡುಕೊಳ್ಳುವರು.

ಎರಡನೆಯದು ಅಂಕೆಗಳ ಪರೀಕ್ಷೆ. ಚಾಸಿಯ ಮೇಲೂ ಇಂಜಿನಿನ ಮೇಲೂ ಕಾರ್ಖಾನೆಯವರು ಅಂಕೆಗಳನ್ನು ಉಕ್ಕಿನ ಅಚ್ಚಿನಿಂದ ಹೊಡೆದಿರುತ್ತಾರೆ. ಕಾರ್ಖಾನೆಯ ದಾಖಲೆಯಲ್ಲಿರುವ ಜೋಡಿ ಅಂಕೆಗಳೇ ಗಾಡಿಯ ಮೇಲೆಯೂ ಇದ್ದರೆ ಅದು ‘ಅಂಕೆ ಹೊಂದಿದ ಗಾಡಿ’. ಅದಕ್ಕೆ ಬೆಲೆ ಹೆಚ್ಚು. ಬೆಲೆ ಹೆಚ್ಚಾದುದರಿಂದಲೇ ಅಂಕೆಗಳನ್ನು ಉಜ್ಜಿ ಅಳಿಸಿ ಬೇರೆ ಅಂಕೆ ಹೊಡೆಯುವ ದುರಾಶೆಯೂ ಹೆಚ್ಚು. ಆದರೆ ಲೋಹವು ಅಷ್ಟು ಸುಲಭವಾಗಿ ಮರೆಯುವುದಿಲ್ಲ. ಲೋಹವು ಸಣ್ಣ ಸಣ್ಣ ಹರಳುಗಳ ಒಕ್ಕೂಟ. ಅಚ್ಚಿನ ಪೆಟ್ಟು ಬಿದ್ದಾಗ ಕಣ್ಣಿಗೆ ಕಾಣುವ ತಗ್ಗು ಮಾತ್ರ ಮೂಡುವುದಿಲ್ಲ. ಅದರ ಕೆಳಗಿನ ಹರಳುಗಳೂ ತಮ್ಮ ಜಾಗದಿಂದ ಸರಿದು, ಬಿಗಿಗೊಂಡು ನಿಲ್ಲುತ್ತವೆ. ಅರದಿಂದ ಉಜ್ಜಿ ತಗ್ಗನ್ನು ಸಮಮಾಡಿದರೂ ಈ ಬಿಗಿದ ಪದರು ಒಳಗೆ ಉಳಿದಿರುತ್ತದೆ. ತಾಮ್ರದ ಕ್ಲೋರೈಡ್ ಮತ್ತು ಹೈಡ್ರೊಕ್ಲೋರಿಕ್ ಆಮ್ಲಗಳಿಂದ ಮಾಡಿದ ದ್ರಾವಣವನ್ನು ಆ ಜಾಗಕ್ಕೆ ಸವರಿದರೆ, ಬಿಗಿಗೊಂಡ ಲೋಹವು ಸುತ್ತಲಿನ ಲೋಹಕ್ಕಿಂತ ಬೇರೆ ವೇಗದಲ್ಲಿ ಕರಗುವುದರಿಂದ ಅಳಿದ ಅಂಕೆಯು ಛಾಯೆಯಂತೆ ಮೇಲೆದ್ದು ಬರುತ್ತದೆ. ಕಳವಾದ ವಾಹನಗಳನ್ನು ಗುರುತಿಸಲು ವಿಧಿವಿಜ್ಞಾನ ಪ್ರಯೋಗಾಲಯಗಳು ಬಳಸುವ ವಿಧಾನವೂ ಇದೇ.

ಮೂರನೆಯದು ದ್ರವ್ಯದ ಘಟಕಗಳ ಪರೀಕ್ಷೆ. ವಸ್ತುವೊಂದರ ಮೇಲೆ ಕ್ಷ-ಕಿರಣಗಳನ್ನು ಬಿಟ್ಟಾಗ ಅದರ ಪರಮಾಣುಗಳ ಒಳಕವಚದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ತೆರವಾದ ಜಾಗಕ್ಕೆ ಹೊರಗಿನ ಎಲೆಕ್ಟ್ರಾನುಗಳು ಇಳಿಯುವಾಗ ಆಯಾ ಮೂಲವಸ್ತುವಿಗೇ ವಿಶಿಷ್ಟವಾದ ಕ್ಷ-ಕಿರಣ ಹೊಮ್ಮುತ್ತದೆ. ಪ್ರತಿಯೊಂದು ಮೂಲವಸ್ತುವಿಗೂ ಇಂತಹ ತನ್ನದೇ ಗುರುತುಂಟೆಂಬುದನ್ನು 1913ರಲ್ಲಿ ಮೋಸ್ಲಿಯು ಕ್ರಮಬದ್ಧವಾಗಿ ತೋರಿಸಿಕೊಟ್ಟನು. ಇಂದು ಕೈಯಲ್ಲಿ ಹಿಡಿಯುವ ಯಂತ್ರವೊಂದು ಲೋಹಕ್ಕೆ ಕಿಂಚಿತ್ತೂ ಗಾಯ ಮಾಡದೆ ಅದರಲ್ಲಿ ನಿಕ್ಕಲ್ ಎಷ್ಟು, ಕ್ರೋಮಿಯಮ್ ಎಷ್ಟು, ಬಣ್ಣದಲ್ಲಿ ಸೀಸ ಎಷ್ಟು ಎಂಬುದನ್ನು ಹೇಳಬಲ್ಲದು.

ನಾಲ್ಕನೆಯದು ಅತ್ಯಂತ ಸ್ವಾರಸ್ಯವಾದುದು. ಎರಡನೆಯ ಮಹಾಯುದ್ಧದ ತರುವಾಯ ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ನಡೆಸಿದ ಪರಮಾಣು ಬಾಂಬು ಪರೀಕ್ಷೆಗಳಿಂದ ವಾತಾವರಣದಲ್ಲಿ ವಿಕಿರಣಶೀಲವಾದ ಇಂಗಾಲ-14ರ ಪ್ರಮಾಣ ಏರುತ್ತ ಹೋಗಿ, 1963-64ರ ಸುಮಾರಿಗೆ ಉತ್ತರಾರ್ಧ ಗೋಳದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. 1963ರ ಒಪ್ಪಂದದ ಅನಂತರ ಅದು ಮೆಲ್ಲಮೆಲ್ಲನೆ ಇಳಿಯತೊಡಗಿತು. ಆ ಕಾಲದಲ್ಲಿ ಬೆಳೆದ ಹತ್ತಿ, ಮೇಯ್ದ ದನದ ತೊಗಲು, ಸುರಿದ ರಬ್ಬರಿನ ಹಾಲು ಎಲ್ಲವೂ ಆ ಏರಿಕೆಯನ್ನು ತಮ್ಮಲ್ಲಿ ಹಿಡಿದಿಟ್ಟುಕೊಂಡಿವೆ. ಆದ್ದರಿಂದ 1939ರದೆಂದು ಹೇಳುವ ಕಾರಿನ ಆಸನದ ತೊಗಲಿನಲ್ಲಿ ಬಾಂಬಿನ ಇಂಗಾಲ ಕಂಡುಬಂದರೆ, ಆ ತೊಗಲು ಅಂದಿನದಲ್ಲ ಎಂಬುದರಲ್ಲಿ ಸಂಶಯವೇ ಇಲ್ಲ.

ಆದರೆ ಈ ಎಲ್ಲ ಪರೀಕ್ಷೆಗಳ ಮಿತಿಯನ್ನು ವಾಚಕರು ಮರೆಯಬಾರದು. ತೊಗಲು ಹೊಸದೆಂದು ತಿಳಿದರೆ ಆಸನಕ್ಕೆ ಹೊಸ ಹೊದಿಕೆ ಹೊಲಿಸಿದ್ದಾರೆಂದಷ್ಟೇ ಅರ್ಥ. ಕಾರೇ ನಕಲೆಂದು ಅರ್ಥವಲ್ಲ. ಹಾಗೆಯೇ ತೊಗಲು ಹಳೆಯದೆಂದು ತಿಳಿದ ಮಾತ್ರಕ್ಕೆ ಕಾರು ಅಸಲೆಂದೂ ಅರ್ಥವಲ್ಲ. ಚತುರನಾದ ವಂಚಕನು ಹಳೆಯ ತೊಗಲನ್ನೇ ಹುಡುಕಿ ತರಬಲ್ಲನು. ಪ್ರಯೋಗಾಲಯವು ಸುಳ್ಳನ್ನು ಸುಳ್ಳೆಂದು ತೋರಿಸಬಲ್ಲದು. ನಿಜವನ್ನು ನಿಜವೆಂದು ನಿಲ್ಲಿಸಲು ಅದೊಂದೇ ಸಾಲದು. ಅದಕ್ಕೆ ರಸೀದಿ, ನೋಂದಣಿ ಪುಸ್ತಕ, ಹಳೆಯ ಛಾಯಾಚಿತ್ರ, ಮಾಲೀಕರ ಪರಂಪರೆ ಇವೆಲ್ಲ ಒಂದನ್ನೊಂದು ಸಮರ್ಥಿಸಬೇಕು.

ಜೀರ್ಣೋದ್ಧಾರದ ಹದ

ಹೀಗಿರುವಲ್ಲಿ ಹಳೆಯ ಗಾಡಿಯನ್ನು ಹೊಸದರಂತೆ ಮಾಡುವ ಜೀರ್ಣೋದ್ಧಾರವು ಲಾಭವೋ ನಷ್ಟವೋ? ಸಾಮಾನ್ಯ ನಂಬಿಕೆ ಏನೆಂದರೆ, ಹೆಚ್ಚು ಖರ್ಚು ಮಾಡಿ ಹೆಚ್ಚು ಹೊಳಪು ತಂದಷ್ಟೂ ಬೆಲೆ ಹೆಚ್ಚುವುದೆಂಬುದು. ಇದು ಪೂರ್ತಿ ನಿಜವಲ್ಲ. ಮರಳು ಊದಿ ಹಳೆಯ ಬಣ್ಣವನ್ನು ಕಿತ್ತಾಗ ತುಕ್ಕಿನೊಡನೆ ಸಾಕ್ಷ್ಯವೂ ಹಾರಿಹೋಗುತ್ತದೆ. ಕಾರ್ಖಾನೆಯ ಬಣ್ಣದ ಪದರುಗಳು, ಅಂಕೆಗಳ ಸುತ್ತಲಿನ ಅಚ್ಚಿನ ಗುರುತುಗಳು, ಬೆಸುಗೆಯ ಮೂಲ ರೀತಿ ಎಲ್ಲವೂ ಅಳಿಯುತ್ತವೆ. ಭೌತವಿಜ್ಞಾನದಲ್ಲಿ ಹಿಂದಿರುಗಿಸಲಾಗದ ಕ್ರಿಯೆಗಳೆಂದು ಕೆಲವನ್ನು ಹೇಳುತ್ತೇವೆ. ಹಾಲಿಗೆ ಬೆರೆಸಿದ ನೀರನ್ನು ತಿರುಗಿ ಕಲಕಿ ಬೇರ್ಪಡಿಸಲಾಗದು. ಮೂಲ ಬಣ್ಣವನ್ನು ಕೆರೆಯುವುದೂ ಅಂತಹುದೇ. ಅದೇ ಬಣ್ಣವನ್ನು ಮತ್ತೆ ಬಳಿಯಬಹುದು. ಅಂದು ಬಳಿದ ಬಣ್ಣವನ್ನು ಬಳಿಯಲಾಗದು.

ಹಿಂದಿನ ಲೆಕ್ಕವನ್ನೇ ಮುಂದುವರಿಸೋಣ. ಹದಿನೆಂಟೂವರೆ ಲಕ್ಷದ ಗಾಡಿಗೆ ಒಡೆಯನು 3 ಲಕ್ಷ ಖರ್ಚು ಮಾಡಿ ಮೈಯೆಲ್ಲ ಉಜ್ಜಿಸಿ ಹೊಸ ಬಣ್ಣ ಹೊಡೆಸಿದನೆನ್ನಿ. ಸಾಕ್ಷ್ಯ ಅಳಿದುದರಿಂದ ಅಸಲಾಗಿರುವ ಸಂಭವವು ಹತ್ತರಲ್ಲಿ ಆರಕ್ಕೆ ಇಳಿಯಿತು. ಈಗ ಅದರ ಬೆಲೆ 12 ಲಕ್ಷ ಮತ್ತು 2 ಲಕ್ಷ ಕೂಡಿ 14 ಲಕ್ಷ. ಬೆಲೆಯಲ್ಲಿ ನಾಲ್ಕೂವರೆ ಲಕ್ಷ ಹೋಯಿತು, ಕೈಯಿಂದ 3 ಲಕ್ಷ ಹೋಯಿತು; ಒಟ್ಟು ಏಳೂವರೆ ಲಕ್ಷವನ್ನು ಕೊಟ್ಟು ಅವನು ಹೊಳಪನ್ನು ಕೊಂಡಂತಾಯಿತು.

ಹಾಗೆಂದು ತುಕ್ಕನ್ನು ಪೂಜಿಸಿ ಕೂಡಬೇಕೆಂದಲ್ಲ. ಕಬ್ಬಿಣವು ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗಿಂತ ಹೆಚ್ಚಾಗಿ ಉಬ್ಬುತ್ತದೆ. ಉಬ್ಬಿ ಬಿರಿದ ಪದರಿನೊಳಗೆ ತೇವ ನುಗ್ಗಿ ಮತ್ತಷ್ಟು ತುಕ್ಕು ಹುಟ್ಟುತ್ತದೆ. ಸುಮ್ಮನೆ ಬಿಟ್ಟರೆ ಸಾಕ್ಷ್ಯವನ್ನು ತುಕ್ಕೇ ತಿಂದು ಮುಗಿಸುವುದು. ನಡೆಯುತ್ತಿರುವ ನಾಶವನ್ನು ತಡೆಯಬೇಕು, ಆದರೆ ಉಳಿದುದನ್ನು ಅಳಿಸಬಾರದು, ಇದೇ ಹದ. ಈ ಹದವು ನಮ್ಮ ನಾಡಿಗೆ ಹೊಸತಲ್ಲ. ಕನ್ನಡ ಶಾಸನಗಳು ದೇವಾಲಯಗಳಿಗೆ ಭೂಮಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಹೇಳುತ್ತವೆ: ಒಡೆದುದನ್ನು, ಬಿರಿದುದನ್ನು, ಜೀರ್ಣವಾದುದನ್ನು ಸರಿಪಡಿಸಲು. ಇಂದು ಸ್ಮಾರಕಗಳನ್ನು ಕಾಪಾಡುವವರು ಇನ್ನೂ ಒಂದು ನಿಯಮವನ್ನು ಸೇರಿಸಿದ್ದಾರೆ. 1964ರ ವೆನಿಸ್ ಸನ್ನದು ಹೇಳುವಂತೆ, ಕಳೆದುಹೋದ ಭಾಗದ ಜಾಗದಲ್ಲಿ ಹೊಸದನ್ನು ಕೂಡಿಸಿದರೆ ಅದು ಒಟ್ಟಿನ ರೂಪಕ್ಕೆ ಹೊಂದಿಕೊಳ್ಳಬೇಕು, ಆದರೂ ಮೂಲದಿಂದ ಬೇರೆಯೆಂದು ಗುರುತಿಸುವಂತಿರಬೇಕು. ಅತ್ತಿಮಬ್ಬೆಯು ಲಕ್ಕುಂಡಿಯಲ್ಲಿ 1007ರಲ್ಲಿ ಕಟ್ಟಿಸಿದ ಬಸದಿಯ ಒಂದು ಕಲ್ಲು ನಾಳೆ ಬಿದ್ದುಹೋದರೆ, ಅಲ್ಲಿ ಹೊಸ ಕಲ್ಲನ್ನು ಇಟ್ಟು ಹನ್ನೊಂದನೆಯ ಶತಮಾನದ್ದೆಂದು ಹೇಳುವುದು ರಕ್ಷಣೆಯಲ್ಲ, ವಂಚನೆ. ಗಾಡಿಗೂ ಇದೇ ಧರ್ಮ. 1966ರಲ್ಲಿ ಸ್ಥಾಪಿತವಾದ ಪ್ರಾಚೀನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವೂ ತನ್ನ ಟ್ಯೂರಿನ್ ಸನ್ನದಿನಲ್ಲಿ ಇಂತಹ ವಿಚಾರವನ್ನೇ ಎತ್ತಿಹಿಡಿದಿದೆ.

ಮೈಸೂರಿನ ಜಾವಾ

ಇಷ್ಟೆಲ್ಲ ಓದಿದ ಮೇಲೆ, ಬೆಂಟ್ಲಿ ಫೆರಾರಿಗಳ ಗೊಡವೆ ನಮಗೇಕೆಂದು ವಾಚಕರು ಕೇಳಬಹುದು. ಹಳೆಯ ಕಾರುಗಳನ್ನು ನೋಡಬಯಸುವವರಿಗೆ ಧರ್ಮಸ್ಥಳದ ಸಂಗ್ರಹಾಲಯವೂ ಶ್ರೀರಂಗಪಟ್ಟಣದ ಸಮೀಪದ ‘ಪಯಣ’ ಸಂಗ್ರಹಾಲಯವೂ ಇವೆ. ಆದರೆ ಕೊಳ್ಳುವ ಮಾರುವ ಮಾತು ಬಂದಾಗ ನಮ್ಮ ನಾಡಿನ ಸಾಮಾನ್ಯರನ್ನು ಈ ಪ್ರಶ್ನೆ ಮುಟ್ಟುವುದು ಕಾರಿನ ಮೂಲಕವಲ್ಲ, ಮೈಸೂರಿನ ಜಾವಾ ಮೋಟಾರು ಸೈಕಲ್ಲಿನ ಮೂಲಕ.

ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಿಂದ ಐಡಿಯಲ್ ಜಾವಾ ಕಾರ್ಖಾನೆಯು ಮೈಸೂರಿನಲ್ಲಿ 1960ರ ದಶಕದ ಆರಂಭದಲ್ಲಿ ಗಾಡಿಗಳನ್ನು ಹೊರತರತೊಡಗಿತು. 65 ಮಿಲಿಮೀಟರ್ ವ್ಯಾಸದ ಸಿಲಿಂಡರು, 75 ಮಿಲಿಮೀಟರಿನ ಪಿಸ್ಟನ್ ಓಟ, ಸುಮಾರು 249 ಘನ ಸೆಂಟಿಮೀಟರಿನ ಎರಡು ಹೊಡೆತದ ಇಂಜಿನು, ಇಕ್ಕೆಲಗಳಲ್ಲಿ ಎರಡು ಸೈಲೆನ್ಸರುಗಳು, ಒದೆಯುವುದಕ್ಕೂ ಗೇರು ಬದಲಿಸುವುದಕ್ಕೂ ಒಂದೇ ಸನ್ನೆ. ಇದು ಆ ಗಾಡಿಯ ಚಹರೆ. 1970ರ ದಶಕದಲ್ಲಿ ‘ಯೆಜ್ಡಿ’ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. ಆ ದಿನದಿಂದ ಮೈಸೂರಿನ ಜಾವಾ, ಯೆಜ್ಡಿಗಳ ಸಂಖ್ಯೆಗೆ ಮುದ್ರೆ ಬಿದ್ದಂತಾಯಿತು. 250 ಜಿಟಿಓ ಕಾರಿಗೆ ಅನ್ವಯಿಸುವ ನಿಯಮವೇ ಇದಕ್ಕೂ ಅನ್ವಯಿಸತೊಡಗಿತು. 2018ರಲ್ಲಿ ಜಾವಾ ಹೆಸರಿನ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದುವಾದರೂ ಅವು ಬೇರೆ ಯಂತ್ರಗಳು; ಹಳೆಯವುಗಳ ಸಂಖ್ಯೆಯನ್ನು ಅವು ಹೆಚ್ಚಿಸಲಿಲ್ಲ.

ಜಾವಾ ಗಾಡಿಯ ಅಸಲುತನದಲ್ಲಿ ಒಂದು ವಿಶೇಷ ತೊಡಕಿದೆ. ಮೊದಮೊದಲು ಹಲವು ಭಾಗಗಳು ಹೊರದೇಶದಿಂದ ಬರುತ್ತಿದ್ದು, ಕ್ರಮೇಣ ಇಲ್ಲಿಯೇ ತಯಾರಾಗತೊಡಗಿದವು. ಅನಂತರದ ಯೆಜ್ಡಿಯ ಅನೇಕ ಭಾಗಗಳು ಹಳೆಯ ಜಾವಾಕ್ಕೆ ಹೊಂದಿಕೊಳ್ಳುತ್ತವೆ. ಗಾಡಿಯು ದಿನನಿತ್ಯದ ದುಡಿಮೆಯಲ್ಲಿದ್ದಾಗ ಮೇಸ್ತ್ರಿಗಳು ಕೈಗೆ ಸಿಕ್ಕ ಭಾಗವನ್ನು ಕೂಡಿಸಿ ಓಡುವಂತೆ ಮಾಡಿದರು; ಅದು ಅವರ ಜಾಣತನವೇ ಹೊರತು ದೋಷವಲ್ಲ. ಆದರೆ ಇಂದು ಕೊಳ್ಳುವವನು ಹೊಳೆಯುವ ಟಾಕಿಯನ್ನೂ ಕೆಂಪು ಬಣ್ಣವನ್ನೂ ನೋಡಿ “ಇದು ಮೊದಲ ವರ್ಷಗಳ ಜಾವಾ” ಎಂಬ ಮಾತನ್ನು ನಂಬಿ ಹಣ ಕೊಟ್ಟರೆ, ಆತನು ಮೂರು ಕಾಲದ ಮೂರು ಗಾಡಿಗಳ ಕೂಡುವಳಿಯನ್ನು ಕೊಂಡಿರಬಹುದು. ಹೊಳಪೇ ಸಾಕ್ಷಿಯಲ್ಲ. ಟಾಕಿಯ ಪಕ್ಕದಲ್ಲಿ ಮಿಂಚುವ ಕ್ರೋಮಿಯಮ್ ಪದರು ಒಂದು ಮೈಕ್ರಾನಿಗಿಂತಲೂ ತೆಳು. ತುಕ್ಕನ್ನು ತಡೆಯುವುದು ಅದರಡಿಯ ಹತ್ತಾರು ಮೈಕ್ರಾನ್ ದಪ್ಪದ ನಿಕ್ಕಲ್. ನಿಕ್ಕಲನ್ನು ಉಳಿಸಿ ಅಗ್ಗದಲ್ಲಿ ಮಾಡಿದ ಲೇಪ ಮೊದಲ ದಿನ ಒಂದೇ ರೀತಿ ಹೊಳೆದರೂ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಿಡುಬಿನ ಕಲೆಯಂತೆ ತುಕ್ಕಿನ ಚುಕ್ಕೆಗಳನ್ನು ತೋರಿಸುವುದು.

ಕಾನೂನಿನ ಮಾತು

ನಮ್ಮ ಸರಕಾರವೂ ಅಸಲುತನಕ್ಕೆ ಈಗ ಒಂದು ವ್ಯಾಖ್ಯೆಯನ್ನು ಕೊಟ್ಟಿದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷಗಳನ್ನು ದಾಟಿದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಅಂಕೆಯ ಫಲಕದಲ್ಲಿ ರಾಜ್ಯದ ಗುರುತಿನ ಮುಂದೆ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಆದರೆ ಗಾಡಿಯನ್ನು ಮೂಲರೂಪದಲ್ಲಿ ಕಾಪಾಡಿರಬೇಕು. ಚಾಸಿ, ಮೈಗೂಡು ಮತ್ತು ಇಂಜಿನುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಬಾರದು. ಇಂತಹ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಮೈಸೂರಿನ ಮೊದಲ ಜಾವಾಗಳು ಈ ವಯಸ್ಸನ್ನು ದಾಟಿಯಾಗಿದೆ. ಎಂದಮೇಲೆ ಹಳೆಯ ಗಾಡಿಗೆ ಮನಬಂದ ಇಂಜಿನನ್ನು ಕೂಡಿಸುವವನು ಬೆಲೆಯನ್ನು ಮಾತ್ರವಲ್ಲ, ಈ ಮನ್ನಣೆಯನ್ನೂ ಕಳೆದುಕೊಳ್ಳಬಹುದು. ಚಾಸಿಯ ಅಂಕೆಯನ್ನು ತಿದ್ದುವುದಂತೂ ಅಪರಾಧವೇ ಸರಿ.

ಆದುದರಿಂದ ಮನೆಯ ಪಡಸಾಲೆಯಲ್ಲೋ ಕೊಟ್ಟಿಗೆಯಲ್ಲೋ ಹಳೆಯ ಗಾಡಿಯನ್ನಿಟ್ಟುಕೊಂಡಿರುವವರು ಕೆಲವು ಸಂಗತಿಗಳನ್ನು ನೆನಪಿಡುವುದು ಒಳ್ಳೆಯದು. ಒಂದನ್ನೂ ಬಿಚ್ಚುವ ಮುನ್ನ ಗಾಡಿಯ ಎಲ್ಲ ಮಗ್ಗುಲುಗಳನ್ನೂ ಅಂಕೆಗಳನ್ನೂ ಛಾಯಾಚಿತ್ರ ತೆಗೆದಿಡಬೇಕು. ನೋಂದಣಿ ಪುಸ್ತಕವನ್ನೂ ಹಳೆಯ ರಸೀದಿಗಳನ್ನೂ ಎಸೆಯಬಾರದು. ತುಕ್ಕಿಗೆ ತೆಳುವಾಗಿ ಎಣ್ಣೆ ಸವರಿ, ತೇವವಿಲ್ಲದ ಜಾಗದಲ್ಲಿಡಬೇಕು. ಕಾರ್ಖಾನೆಯ ಬಣ್ಣ ಅಲ್ಲಲ್ಲಿಯಾದರೂ ಉಳಿದಿದ್ದರೆ ಒಂದು ತುಣುಕು ಜಾಗವನ್ನಾದರೂ ಕೆರೆಯದೆ ಹಾಗೆಯೇ ಬಿಡಬೇಕು. ಬದಲಿಸಿದ ಹಳೆಯ ಭಾಗವು ಎಷ್ಟೇ ನಿರುಪಯುಕ್ತವಾಗಿದ್ದರೂ ಗುಜರಿಗೆ ಹಾಕದೆ ಚೀಟಿ ಕಟ್ಟಿ ತೆಗೆದಿಡಬೇಕು. ಯಾವ ಭಾಗವನ್ನು ಯಾವ ವರ್ಷ ಏಕೆ ಬದಲಿಸಿದೆವೆಂಬುದನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಕೊಳ್ಳುವವರಾದರೋ ಹೊಳಪನ್ನು ನೋಡುವ ಮುನ್ನ ಈ ವಹಿಯನ್ನು ಕೇಳಬೇಕು. ಅದಿಲ್ಲದಿದ್ದರೆ ನಕಲಿನ ಬೆಲೆಯಿಂದಲೇ ಚೌಕಾಸಿಗೆ ತೊಡಗಬೇಕು.

ಭಾಗ ಬದಲಾಗುವುದು ಯಂತ್ರದ ಧರ್ಮ, ಸವೆಯದ ಯಂತ್ರವಿಲ್ಲ. ಬದಲಾದುದನ್ನು ಮುಚ್ಚಿಡುವುದು ಮಾತ್ರ ಅಸಲುತನಕ್ಕೆ ಬರುವ ನಿಜವಾದ ಊನ. ತನ್ನ ಮೈಮೇಲಿನ ಪ್ರತಿಯೊಂದು ದುರಸ್ತಿಗೂ ಲೆಕ್ಕ ಕೊಡಬಲ್ಲ ಗಾಡಿಯು ಮಾಸಲು ಬಣ್ಣದ್ದಾದರೂ ಕೊಳ್ಳುವವನ ನಂಬಿಕೆಗೆ ಅರ್ಹ. ಲೆಕ್ಕ ಕೊಡಲಾರದ ಗಾಡಿ ಕನ್ನಡಿಯಂತೆ ಹೊಳೆದರೂ ಅದರ ಬೆಲೆ ಬರಿಯ ಮಾತಿನ ಬೆಲೆಯೇ.